ಮೈಗಿಂತ ಹಳೆಯ ಲಜ್ಜೆ

ಕುಮಟೆಯ ಸುತ್ತಣ ಕರಾವಳಿಯ ಹಳ್ಳಿಗಳಲ್ಲಿ, ಅದು ಹೊಳನಗದ್ದೆಯಾಗಿರಲಿ, ಬಾಡವಾಗಿರಲಿ, ಕಾಗಾಲವಾಗಿರಲಿ, ಗಂಡಸಿನ ಬರಿಯ ಎದೆಯೆಂಬುದು ಎಲ್ಲರ ಎದುರಿಗಿದ್ದೂ ಯಾರ ಕಣ್ಣಿಗೂ ಬೀಳದ ವಸ್ತು. ಬಾವಿಕಟ್ಟೆಯಲ್ಲಿ ಮೈಮೇಲೆ ನೀರು ಸುರಿದುಕೊಳ್ಳುವವನೂ, ತೆಂಗಿನ ಮರವನ್ನೇರುವವನೂ, ದಡದಲ್ಲಿ ಬಲೆಯನ್ನೆಳೆಯುವವನೂ, ಜಗಲಿಯಲ್ಲಿ ಕವಳ ಹಾಕುತ್ತ ಕುಳಿತ ಯಜಮಾನನೂ ಸೊಂಟಕ್ಕೊಂದು ಪಂಚೆ, ಹೆಗಲಿಗೊಂದು ಪಾಣಿಪಂಚೆ, ಇಷ್ಟರಲ್ಲಿಯೇ ಸಭ್ಯರೆನಿಸಿಕೊಳ್ಳುತ್ತಾರೆ. ಕೂತಲ್ಲಿಯೇ ಬೆವರಿಳಿಯುವ ಈ ಸೀಮೆಯಲ್ಲಿ ಅದು ಅನುಕೂಲವೂ ಹೌದು. ಕೆಲವೆಡೆ ಅದು ಅನುಕೂಲವನ್ನು ಮೀರಿ ವಿಧಿಯೇ ಆಗಿದೆ: ಗೋಕರ್ಣದ ಮಹಾಬಲೇಶ್ವರನ ಸನ್ನಿಧಿಗೆ ಹೋಗುವ ಗಂಡಸು ಅಂಗಿಯನ್ನು ಕಳಚಿಯೇ ಒಳಗೆ ಹೋಗತಕ್ಕದ್ದು, ಹೆಂಗಸು ಮೈತುಂಬ ಸೆರಗು ಹೊದ್ದು. ಅಂಗಿಯನ್ನು ಕಳಚಲಾರದ, ಸೆರಗನ್ನು ಹೊದೆಯಲು ಇನ್ನೂ ಊರಿನ ಒಪ್ಪಿಗೆ ದೊರೆಯದ ಒಂದು ಮೈ ಅಂತಹ ಬಾಗಿಲೊಂದಕ್ಕೆ ಬಂದು ನಿಂತರೆ ಏನು ಮಾಡಬೇಕೆಂಬುದನ್ನು ಅಲ್ಲಿಯ ಫಲಕ ಹೇಳುವುದಿಲ್ಲ.

ಅಂತಹ ಮೈ ಕೇವಲ ಕಲ್ಪನೆಯದಲ್ಲ. ಗಂಡೆಂದು ಹೆಸರಿಟ್ಟು ಬೆಳೆಸಿದ ಮಗು, ತಾನು ಹೆಣ್ಣೆಂಬ ಅರಿವನ್ನು ಒಳಗೆ ಹೊತ್ತುಕೊಂಡೇ ಬೆಳೆದು, ಪ್ರಾಯಪ್ರಬುದ್ಧೆಯಾದ ಮೇಲೆ ವೈದ್ಯರನ್ನು ಕಂಡು ಹಾರ್ಮೋನ್ ಚಿಕಿತ್ಸೆಯನ್ನು ಆರಂಭಿಸುವುದು ಇಂದು ನಮ್ಮ ರಾಜ್ಯದಲ್ಲಿ ಕೇಳರಿಯದ ಸಂಗತಿಯಾಗಿ ಉಳಿದಿಲ್ಲ. ಆದರೆ ಜನಸಾಮಾನ್ಯರ ತಿಳಿವಳಿಕೆಯೆಲ್ಲ ಶಸ್ತ್ರಚಿಕಿತ್ಸೆಯೊಂದರ ಸುತ್ತಲೇ ಸುತ್ತುತ್ತಿರುವುದರಿಂದ, ರಾತ್ರಿ ಗಂಡಾಗಿ ಮಲಗಿದವರು ಬೆಳಗಾಗುವಷ್ಟರಲ್ಲಿ ಹೆಣ್ಣಾಗಿ ಏಳುತ್ತಾರೆಂಬಂತಹ ಭ್ರಾಂತಿ ನೆಲೆಗೊಂಡಿದೆ. ವಾಸ್ತವದಲ್ಲಿ ಅನೇಕರು ಶಸ್ತ್ರಚಿಕಿತ್ಸೆಯ ತನಕ ಹೋಗುವುದೇ ಇಲ್ಲ. ಹೋಗುವವರಿಗೂ ಅದಕ್ಕೆ ಮುಂಚೆ ದೀರ್ಘಕಾಲ ನಡೆಯುವ ನಿಧಾನವಾದ ಮಾರ್ಪಾಡೊಂದು ಇರುತ್ತದೆ. ದಿನದಿಂದ ದಿನಕ್ಕೆ ಕಾಣದಂತೆ, ತಿಂಗಳಿಂದ ತಿಂಗಳಿಗೆ ಕಾಣುವಂತೆ ಮೈ ಬದಲಾಗುತ್ತಿರುವ ಆ ಅವಧಿಯಲ್ಲಿ ಮಾನವನ್ನು ಕಾಪಾಡಿಕೊಳ್ಳುವುದು ಹೇಗೆಂಬುದು, ನನಗೆ ತೋರುವಂತೆ, ಗುಳಿಗೆಯ ಪ್ರಮಾಣವನ್ನು ನಿರ್ಧರಿಸುವುದಕ್ಕಿಂತಲೂ ಕಠಿನವಾದ ಪ್ರಶ್ನೆ.

ಮೊದಲು ಗುಳಿಗೆಯ ಮಾತನ್ನೇ ಮುಗಿಸೋಣ. ಗಂಡಿನ ಶರೀರದಲ್ಲಿ ಟೆಸ್ಟೊಸ್ಟಿರೋನ್, ಹೆಣ್ಣಿನದರಲ್ಲಿ ಈಸ್ಟ್ರೊಜೆನ್ ಎಂದು ಶಾಲೆಯ ಪುಸ್ತಕಗಳು ಗೆರೆ ಎಳೆದಂತೆ ಹೇಳುತ್ತವೆಯಾದರೂ ಈ ಎರಡೂ ದ್ರವ್ಯಗಳು ಎಲ್ಲ ಶರೀರಗಳಲ್ಲಿಯೂ ಇರತಕ್ಕವು, ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ಅಮೆರಿಕದ ಡೋಯ್ಸಿ ಮತ್ತು ಜರ್ಮನಿಯ ಬ್ಯುಟೆನಂಡ್ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿ 1929ರಲ್ಲಿ ಈಸ್ಟ್ರೊಜೆನ್ ವರ್ಗದ ಒಂದು ದ್ರವ್ಯವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಮೇಲೆ, ಇದನ್ನು ಹೊರಗಿನಿಂದ ಕೊಟ್ಟು ಶರೀರದ ಚಹರೆಯನ್ನು ತಿದ್ದುವುದು ಸಾಧ್ಯವಾಯಿತು. ಡೆನ್ಮಾರ್ಕಿನಲ್ಲಿ ಚಿಕಿತ್ಸೆ ಪಡೆದ ಅಮೆರಿಕದ ಕ್ರಿಸ್ಟೀನ್ ಜಾರ್ಗೆನ್ಸನ್ 1952ರಲ್ಲಿ ಜಗತ್ತಿನ ಪತ್ರಿಕೆಗಳ ಮೊದಲ ಪುಟವನ್ನೇರಿದಳು. 1966ರಲ್ಲಿ ಹ್ಯಾರಿ ಬೆಂಜಮಿನ್ ಎಂಬ ವೈದ್ಯನು ಈ ವಿಷಯವನ್ನೇ ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಇಂದು ಚಿಕಿತ್ಸೆಯ ಕ್ರಮ ಹೆಚ್ಚುಕಡಮೆ ಖಚಿತವಾಗಿದೆ. ಎಸ್ಟ್ರಡಿಯಾಲ್ ಎಂಬ ಸ್ತ್ರೀಹಾರ್ಮೋನನ್ನು ಗುಳಿಗೆಯಾಗಿ, ಚರ್ಮದ ಮೇಲೆ ಅಂಟಿಸುವ ಪಟ್ಟಿಯಾಗಿ, ಲೇಪವಾಗಿ ಅಥವಾ ಸೂಜಿಮದ್ದಾಗಿ ಕೊಡುತ್ತಾರೆ. ಜೊತೆಗೆ ಟೆಸ್ಟೊಸ್ಟಿರೋನಿನ ಕಾರ್ಯವನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಅಥವಾ ಸೈಪ್ರೊಟಿರೋನಿನಂತಹ ಇನ್ನೊಂದು ಔಷಧ. ಅಮೆರಿಕದ ಎಂಡೋಕ್ರೈನ್ ಸೊಸೈಟಿಯು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ರಕ್ತದಲ್ಲಿಯ ಟೆಸ್ಟೊಸ್ಟಿರೋನ್ ಡೆಸಿಲೀಟರಿಗೆ 50 ನ್ಯಾನೊಗ್ರಾಮಿಗಿಂತ ಕೆಳಗಿಳಿಯಬೇಕು, ಎಸ್ಟ್ರಡಿಯಾಲ್ ಮಿಲಿಲೀಟರಿಗೆ 100ರಿಂದ 200 ಪಿಕೊಗ್ರಾಮಿನೊಳಗೆ ನಿಲ್ಲಬೇಕು. ಅದನ್ನು ನೋಡಿಕೊಳ್ಳಲು ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಆಗಬೇಕು.

ಇದರಿಂದ ಆಗುವುದು, ಸಾರಾಂಶದಲ್ಲಿ, ಎರಡನೆಯ ಯೌವನೋದಯ. ಹನ್ನೆರಡು ಹದಿಮೂರರ ಹುಡುಗಿಗೆ ಆಗುವುದೇ ಇಪ್ಪತ್ತೈದರ ಆಕೆಗೂ ಆಗತೊಡಗುತ್ತದೆ. ಮೂರರಿಂದ ಆರು ತಿಂಗಳೊಳಗೆ ಮೊಲೆತೊಟ್ಟಿನ ಅಡಿಯಲ್ಲಿ ಎಳೆಯ ಅಡಕೆಯಂತಹ ಗಟ್ಟಿಯೊಂದು ಕೈಗೆ ಹತ್ತುತ್ತದೆ. ಅದು ನೋಯುತ್ತದೆ, ಅಂಗಿ ತಾಗಿದರೂ ನೋಯುತ್ತದೆ, ಬಸ್ಸಿನ ನೂಕುನುಗ್ಗಲಲ್ಲಿ ಯಾರದಾದರೂ ಮೊಣಕೈ ತಗುಲಿದರಂತೂ ಕಣ್ಣಲ್ಲಿ ನೀರು ಬರುವಷ್ಟು ನೋಯುತ್ತದೆ. ಬೆಳವಣಿಗೆ ಪೂರ್ಣವಾಗುವುದಕ್ಕೆ ಎರಡು ಮೂರು ವರ್ಷಗಳು ಬೇಕು, ಪೂರ್ಣವಾದದ್ದೂ ಸಾಮಾನ್ಯವಾಗಿ ಅಲ್ಪವೇ. ಯುರೋಪಿನ ಕೆಲವು ಆಸ್ಪತ್ರೆಗಳಲ್ಲಿ 229 ಮಂದಿ ಟ್ರಾನ್ಸ್ ಮಹಿಳೆಯರನ್ನು ಒಂದು ವರ್ಷ ಕಾಲ ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದೆಯ ಸುತ್ತಳತೆಗೂ ಸ್ತನದ ಮೇಲಣ ಸುತ್ತಳತೆಗೂ ನಡುವಣ ಅಂತರ ವರ್ಷಾಂತ್ಯಕ್ಕೆ ಸರಾಸರಿ 7.9 ಸೆಂಟಿಮೀಟರ್ ಆಗಿತ್ತು; ಅದರಲ್ಲಿಯೂ ಹೆಚ್ಚಿನ ಬೆಳವಣಿಗೆ ಮೊದಲ ಆರು ತಿಂಗಳಲ್ಲಿಯೇ ಆಗಿಹೋಗಿತ್ತು. ಹೊರಗಿನವರು ಊಹಿಸಿಕೊಳ್ಳುವ ಮೈಮಾಟಕ್ಕೂ ಈ ಅಳತೆಗೂ ಬಹಳ ದೂರ. ಆದರೂ ತೆಳುವಾದ ಬನಿಯನ್ನಿನ ಕೆಳಗೆ ಕಾಣುವುದಕ್ಕೆ ಅಷ್ಟು ಸಾಕು. ಮತ್ತು ಒಮ್ಮೆ ಮೂಡಿದ ಸ್ತನ ಔಷಧವನ್ನು ನಿಲ್ಲಿಸಿದ ಮಾತ್ರಕ್ಕೆ ಮರೆಯಾಗುವುದಿಲ್ಲವೆಂಬುದನ್ನು ವೈದ್ಯರು ಆರಂಭದಲ್ಲಿಯೇ ಒತ್ತಿ ಹೇಳುತ್ತಾರೆ, ಹೇಳಬೇಕು.

ಮಿಕ್ಕ ಮಾರ್ಪಾಡುಗಳು ಇಷ್ಟು ಬಹಿರಂಗವಲ್ಲ. ಚರ್ಮದ ಜಿಡ್ಡು ಕಡಮೆಯಾಗಿ ಮೈ ಮೃದುವಾಗುತ್ತದೆ, ತೋಳಿನ ಮಾಂಸಖಂಡ ಇಳಿಯುತ್ತದೆ, ಹಿಂದೆ ಒಂದೇ ಕೈಯಲ್ಲಿ ಎತ್ತುತ್ತಿದ್ದ ಕೊಡಕ್ಕೆ ಈಗ ಎರಡು ಕೈ ಬೇಕೆನ್ನಿಸಬಹುದು. ಕೊಬ್ಬು ಹೊಟ್ಟೆಯನ್ನು ಬಿಟ್ಟು ನಿತಂಬ ಮತ್ತು ತೊಡೆಗಳ ಕಡೆಗೆ ಹೆಚ್ಚಾಗಿ ಸೇರತೊಡಗುತ್ತದೆ. ಮೈಕೂದಲು ತೆಳುವಾಗುವುದಕ್ಕೆ ವರ್ಷಗಳು ಹಿಡಿಯುತ್ತವೆ. ಗಡ್ಡಮೀಸೆಗಳು ಗುಳಿಗೆಯ ಮಾತನ್ನು ಪೂರ್ತಿ ಕೇಳುವುದಿಲ್ಲ, ಅವಕ್ಕೆ ಲೇಸರಿನಂತಹ ಉಪಚಾರವೇ ಆಗಬೇಕು. ಒಡೆದ ದನಿ ಮತ್ತೆ ಕೂಡುವುದಿಲ್ಲ, ಎಲುಬಿನ ಹಂದರ ಕಿರಿದಾಗುವುದಿಲ್ಲ. ವಿರಾಟನಗರಿಗೆ ಬೃಹನ್ನಳೆಯಾಗಿ ಹೊರಟ ಅರ್ಜುನನಿಗೆ ಉಡುಪು, ಜಡೆ, ನೃತ್ಯ ಎಲ್ಲವೂ ಒದಗಿದರೂ ಬಿಲ್ಲಿನ ಹೆದೆ ತೀಡಿ ತೋಳಿನಲ್ಲಿ ಕಟ್ಟಿದ್ದ ಜಡ್ಡನ್ನು ಅಳಿಸಲಾಗಲಿಲ್ಲ, ಅದನ್ನು ಬಳೆಗಳಿಂದ ಮುಚ್ಚಿಕೊಳ್ಳುವೆನೆಂದು ಅವನು ಧರ್ಮರಾಯನಿಗೆ ಹೇಳಿದನಷ್ಟೆ. ವ್ಯಾಸರಿಗೆ ಗೊತ್ತಿದ್ದ ಈ ಸೂಕ್ಷ್ಮ ನಮ್ಮ ಕಾಲದ ಚಿಕಿತ್ಸೆಗೂ ಸಲ್ಲುತ್ತದೆ: ಬದಲಾದುದನ್ನು ಒಂದು ಬಗೆಯಾಗಿ, ಬದಲಾಗದೆ ಉಳಿದುದನ್ನು ಇನ್ನೊಂದು ಬಗೆಯಾಗಿ, ಹೀಗೆ ಎರಡನ್ನೂ ಏಕಕಾಲದಲ್ಲಿ ಮರೆಮಾಡಬೇಕಾಗುವುದು ಈ ದಾರಿಯವರ ವಿಶೇಷ ಕಷ್ಟ. ದುಪ್ಪಟ್ಟವೊಂದೇ ಕೊರಳಿನ ಗಂಟನ್ನೂ ಎದೆಯನ್ನೂ ಮುಚ್ಚಬೇಕು.

ಸಭ್ಯತೆಯ ಲೇಖನದಲ್ಲಿ ಸೊಂಟದ ಕೆಳಗಿನ ಮಾತನ್ನು ಬಿಟ್ಟುಬಿಡುವುದು ವಾಡಿಕೆಯಾದರೂ, ಬಿಟ್ಟರೆ ಓದುಗನಿಗೆ ಅರ್ಧ ಸತ್ಯವನ್ನು ಕೊಟ್ಟಂತಾಗುವುದು. ಚಿಕಿತ್ಸೆ ಆರಂಭವಾದ ಒಂದರಿಂದ ಮೂರು ತಿಂಗಳೊಳಗೆ ಕಾಮೇಚ್ಛೆ ತಗ್ಗುತ್ತದೆ, ಇಚ್ಛೆಯಿಲ್ಲದೆಯೂ ಆಗುತ್ತಿದ್ದ ಉದ್ರೇಕ ವಿರಳವಾಗುತ್ತದೆ, ಕ್ರಮೇಣ ವೃಷಣಗಳ ಗಾತ್ರ ಕುಗ್ಗುತ್ತದೆ, ವೀರ್ಯೋತ್ಪತ್ತಿ ಕುಂದಿ ಸಂತಾನಶಕ್ತಿ ಶಾಶ್ವತವಾಗಿ ನಷ್ಟವಾಗುವ ಸಂಭವವೂ ಇದೆ. ಇತರರು ಹಾನಿಯೆಂದು ಎಣಿಸುವ ಇವುಗಳಲ್ಲಿ ಮೊದಲಿನವನ್ನು ಬಹುಮಂದಿ ಟ್ರಾನ್ಸ್ ಮಹಿಳೆಯರು ಬಿಡುಗಡೆಯೆಂದೇ ವರ್ಣಿಸುವರು. ತನ್ನ ಇಚ್ಛೆಯನ್ನು ಕೇಳದೆ ತನ್ನನ್ನು ಬಯಲಿಗೆಳೆಯುತ್ತಿದ್ದ ಅಂಗವೊಂದು ಸುಮ್ಮನಾಯಿತೆಂಬ ನೆಮ್ಮದಿ ಅದು. ಸಂತಾನದ ಮಾತು ಬೇರೆ. ಬೇಕೆನ್ನುವವರು ಮೊದಲ ಗುಳಿಗೆಯನ್ನು ನುಂಗುವುದಕ್ಕೆ ಮುನ್ನವೇ ವೀರ್ಯವನ್ನು ಶೀತಲೀಕರಿಸಿ ಇಡಿಸಿಕೊಳ್ಳಬಹುದು.

ಈಗ ಲಜ್ಜೆಯ ವಿಚಾರ. ಸ್ತನ ಮೂಡಿದ್ದರಿಂದ ನಾಚಿಕೆ ಹುಟ್ಟಿತು ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಮೊದಲು ಮೈ, ಆಮೇಲೆ ಅದನ್ನು ಮುಚ್ಚುವ ಮನಸ್ಸು ಎಂಬ ಕ್ರಮ ನಮಗೆ ಸರಿಯೆಂದು ತೋರುತ್ತದೆ. ಈ ದಾರಿಯನ್ನು ನಡೆದವರ ಅನುಭವ ಇದನ್ನು ತಿರುಗಿಸಿಡುತ್ತದೆ. ಎಂಟು ಹತ್ತರ ಪ್ರಾಯದಲ್ಲಿ, ಎದೆ ಹಲಗೆಯಂತೆ ಸಮತಟ್ಟಾಗಿದ್ದ ಕಾಲದಲ್ಲಿಯೇ, ಎಲ್ಲ ಹುಡುಗರೂ ಅಂಗಿ ಬಿಸುಟು ಕೆರೆಗೆ ಹಾರುವಾಗ ತಾನೊಬ್ಬಳೇ ಅಂಗಿಯೊಡನೆ ನೀರಿಗಿಳಿದುದು, ದೇವಸ್ಥಾನದಲ್ಲಿ ಅಂಗಿ ಕಳಚೆಂದಾಗ ಎರಡು ಕೈಗಳನ್ನೂ ಎದೆಗೆ ಅಡ್ಡವಾಗಿ ಕಟ್ಟಿಕೊಂಡುದು, ಅದಕ್ಕಾಗಿ ನಗೆಗೀಡಾದುದು, ಕೆಲವೊಮ್ಮೆ ಪೆಟ್ಟು ತಿಂದುದು: ಇಂತಹ ನೆನಪುಗಳು ಅವರಲ್ಲಿ ಅನೇಕರಿಗೆ ಇವೆ. ಮುಚ್ಚುವುದಕ್ಕೆ ಅಲ್ಲಿ ಏನೂ ಇರಲಿಲ್ಲ; ಆದರೂ ಮುಚ್ಚಬೇಕೆಂಬ ತವಕವಿತ್ತು. ಆ ಲಜ್ಜೆಯನ್ನು ಲಜ್ಜೆಯೆಂದು ಗುರುತಿಸಿದವರು ಯಾರೂ ಇರಲಿಲ್ಲ, ಹುಡುಗನ ಮೊಂಡುತನವೆಂದೋ ಸೋಗೆಂದೋ ಅದನ್ನು ತಳ್ಳಿಹಾಕಿದರು. ಹಾರ್ಮೋನು ಮಾಡುವುದು ಲಜ್ಜೆಯನ್ನು ಸೃಷ್ಟಿಸುವ ಕೆಲಸವಲ್ಲ. ಮೊದಲೇ ಇದ್ದ ಲಜ್ಜೆಗೆ ಊರು ಒಪ್ಪುವಂತಹ ಒಂದು ಕಾರಣವನ್ನು ತಡವಾಗಿ ಒದಗಿಸುವ ಕೆಲಸ.

ಇಂತಹ ಬರಹದಲ್ಲಿ ಜೇಡರ ದಾಸಿಮಯ್ಯನನ್ನು ಸ್ಮರಿಸುವುದು ಕನ್ನಡದ ಲೇಖಕರಿಗೆ ರೂಢಿಯಾಗಿಹೋಗಿದೆ. ದೇಹದ ಚಿಹ್ನೆಗಳನ್ನು ಕಂಡು ಜನ ಹೆಣ್ಣು ಗಂಡೆಂದು ಹೆಸರಿಡುವರೆಂದೂ, ಒಳಗಿರುವ ಆತ್ಮಕ್ಕೆ ಆ ಭೇದವಿಲ್ಲವೆಂದೂ ಅವನು ಶತಮಾನಗಳ ಹಿಂದೆಯೇ ಹೇಳಿದನೆಂಬುದು ನಮ್ಮ ಹೆಮ್ಮೆ. ಹೆಮ್ಮೆ ಯುಕ್ತವೇ. ಆದರೆ ಆತ್ಮಕ್ಕೆ ಲಿಂಗವಿಲ್ಲವೆಂಬ ಸಿದ್ಧಾಂತ ಬಾವಿಕಟ್ಟೆಯಲ್ಲಿ ಮೀಯಲು ನಿಂತವಳಿಗೆ ಪಾಣಿಪಂಚೆಯನ್ನು ಎಲ್ಲಿಗೆ ಸುತ್ತಿಕೊಳ್ಳಬೇಕೆಂಬುದನ್ನು ತಿಳಿಸಿಕೊಡಲಾರದು. ಆಕೆಯ ತೊಡಕು ಆತ್ಮದ್ದಲ್ಲ, ಊರಿನ ಕಣ್ಣಿನದು.

ಊರಿನ ಕಣ್ಣಾದರೂ ಎಲ್ಲರಿಗೂ ಒಂದೇ ಬಗೆಯದಾಗಿತ್ತೆ? ಇದೇ ಜಿಲ್ಲೆಯ ಅಂಕೋಲೆ ಕುಮಟೆಗಳ ಹಾಲಕ್ಕಿ ಒಕ್ಕಲಿಗ ಸಮುದಾಯದ ಹಿರಿಯ ಹೆಂಗಸರು ರವಕೆಯನ್ನು ತೊಟ್ಟವರಲ್ಲ. ಸೀರೆಯನ್ನು ತಮ್ಮದೇ ರೀತಿಯಲ್ಲಿ ಹೆಗಲಿಗೆ ಬಿಗಿದು, ಕೊರಳಿನಿಂದ ಎದೆಯ ತನಕ ಮಣಿಸರಗಳ ರಾಶಿಯನ್ನು ಧರಿಸಿ, ಬೆನ್ನನ್ನೂ ತೋಳುಗಳನ್ನೂ ಗಾಳಿಗೆ ಬಿಟ್ಟು ಅವರು ಗದ್ದೆಯಲ್ಲಿ ದುಡಿದರು, ಸಂತೆಗೆ ಬಂದರು. ಅಂಕೋಲೆಯ ಸುಕ್ರಿ ಬೊಮ್ಮಗೌಡರೂ ತುಳಸಿ ಗೌಡರೂ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದ ಚಿತ್ರಗಳನ್ನು ಕಂಡವರು ಆ ಉಡುಗೆಯಲ್ಲಿ ಮಾನಹೀನತೆಯನ್ನು ಕಾಣಲಿಲ್ಲ, ಘನತೆಯನ್ನು ಕಂಡರು. ರವಕೆಯಿಲ್ಲದೆಯೂ ಮಾನವಂತೆಯಾಗಿ ಬಾಳುವುದಕ್ಕೆ ಎಡೆಗೊಟ್ಟ ಸೀಮೆ ಇದು. ಒಂದು ಸಮುದಾಯಕ್ಕೆ ಸಹಜವಾದ ಉಡುಗೆ ಇನ್ನೊಂದಕ್ಕೆ ಅಸಹಜವಾಗಿ ಕಂಡರೂ, ತಾನು ಮುಚ್ಚಬೇಕಾದುದೇನೆಂಬುದನ್ನು ಪ್ರತಿ ಸಮುದಾಯವೂ ತನ್ನ ಹೆಣ್ಣುಮಕ್ಕಳಿಗೆ ಕೈಹಿಡಿದು ಕಲಿಸುತ್ತದೆ. ಟ್ರಾನ್ಸ್ ಮಹಿಳೆಗೆ ಇಲ್ಲದಿರುವುದು ಈ ಕಲಿಸುವ ಕೈ. ಮೈನೆರೆದ ಹುಡುಗಿಗೆ ತಾಯಿಯೋ ದೊಡ್ಡಮ್ಮನೋ ಅಕ್ಕನೋ ಒಳಉಡುಪು ತಂದುಕೊಟ್ಟು, ಬಗ್ಗುವಾಗ ಸೆರಗನ್ನು ಹೀಗೆ ಹಿಡಿ ಎಂದು ಹೇಳಿಕೊಡುತ್ತಾರೆ. ಎರಡನೆಯ ಯೌವನವನ್ನು ಒಂಟಿಯಾಗಿ ದಾಟುವವಳು ಅದನ್ನು ಮೊಬೈಲಿನ ಪರದೆಯಿಂದಲೋ, ತನ್ನಂತಹ ಗೆಳತಿಯಿಂದಲೋ ಕಲಿಯಬೇಕು.

ಬಯಲುಸೀಮೆಯ ಜೋಗತಿಯರ ಸಂಪ್ರದಾಯದಲ್ಲಿ ಇದಕ್ಕೆ ಬೇರೊಂದು ಉತ್ತರವಿತ್ತು. ಸವದತ್ತಿಯ ಎಲ್ಲಮ್ಮನೋ ಹುಲಿಗಿಯ ಹುಲಿಗೆಮ್ಮನೋ ಮೈಮೇಲೆ ಬಂದಳೆಂದು ನಂಬಿದ ಮನೆಯವರು ಮಗನಿಗೆ ಮುತ್ತು ಕಟ್ಟಿಸಿ, ಉಡಿದಾರವನ್ನು ಹರಿದು, ಸೀರೆ ರವಕೆ ಬಳೆಗಳನ್ನು ತೊಡಿಸಿದರೆಂದರೆ ಅಲ್ಲಿಂದಾಚೆಗೆ ಆಕೆ ಜೋಗತಿ. ಸೀರೆಗೆ ದೇವಿಯ ಅಪ್ಪಣೆಯೇ ಆಧಾರವಾದ್ದರಿಂದ ಮೈಯನ್ನು ಮಾರ್ಪಡಿಸಿಕೊಳ್ಳಬೇಕೆಂಬ ಕಟ್ಟಳೆ ಇರಲಿಲ್ಲ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದ, 2021ರಲ್ಲಿ ಪದ್ಮಶ್ರೀಗೆ ಪಾತ್ರರಾದ ಮಂಜಮ್ಮ ಜೋಗತಿಯವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು' ಆ ಬದುಕಿನ ಕಷ್ಟಗಳನ್ನೂ ಬೆಳಕನ್ನೂ ದಾಖಲಿಸಿದೆ. ಹಿಜಡಾ ಸಮುದಾಯದ ಮಾರ್ಗ ಇದಕ್ಕಿಂತ ಉಗ್ರವಾದದ್ದು, ನಿರ್ವಾಣವೆಂದು ಕರೆಯುವ ಅಂಗಚ್ಛೇದದ್ದು. ಆ ದಾರಿಯನ್ನು ನಡೆದ ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು 'ಬದುಕು ಬಯಲು' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿರುವುದರಿಂದ ಅದರ ಯಾತನೆ ಏನೆಂಬುದನ್ನು ನಮ್ಮ ಓದುಗರು ಬಲ್ಲರು. ವೃಷಣಗಳು ಹೋದ ಮೇಲೆ ಟೆಸ್ಟೊಸ್ಟಿರೋನ್ ಬತ್ತುತ್ತದೆಯೇ ಹೊರತು ಈಸ್ಟ್ರೊಜೆನ್ ತಾನಾಗಿ ಹರಿದುಬರುವುದಿಲ್ಲ, ಸ್ತನವೂ ಬೆಳೆಯುವುದಿಲ್ಲ. ಎದೆಗೆ ಬಟ್ಟೆಯನ್ನು ಮಡಿಸಿಟ್ಟುಕೊಳ್ಳುವುದು ಅನಿವಾರ್ಯವಾಗುತ್ತಿತ್ತು. ಹಾರ್ಮೋನ್ ಚಿಕಿತ್ಸೆ ಈ ಎರಡು ಹಳೆಯ ದಾರಿಗಳಿಗೂ ಭಿನ್ನವಾದದ್ದು: ಇಲ್ಲಿ ದೇವಿಯ ಅಪ್ಪಣೆಯ ರಕ್ಷಣೆಯೂ ಇಲ್ಲ, ಹಿಜಡಾ ಜಮಾತಿನ ಆಶ್ರಯವೂ ಇಲ್ಲ. ತನ್ನ ಮನೆಯಲ್ಲಿಯೇ, ತಂದೆ ತಾಯಿ ಅಣ್ಣ ಅತ್ತಿಗೆಯರ ನಡುವೆ ಇದ್ದುಕೊಂಡು ಆಕೆ ಬದಲಾಗುತ್ತಾಳೆ.

ನಮ್ಮ ಕರಾವಳಿಗೆ ಹೆಣ್ಣುವೇಷದ ಪರಿಚಯವಿಲ್ಲವೆಂದಲ್ಲ, ಅತಿಪರಿಚಯವೇ ಇದೆ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ಗಜಾನನ ಹೆಗಡೆಯವರ ಸ್ತ್ರೀವೇಷವನ್ನು ಕಂಡು ಮೆಚ್ಚಿದ ಹಿರಿಯರು ಈಗಲೂ ಅದನ್ನು ಕೊಂಡಾಡುತ್ತಾರೆ. ನಾಟ್ಯಶಾಸ್ತ್ರವು ಎಣಿಸಿದ ಮೂವತ್ತಮೂರು ಸಂಚಾರೀಭಾವಗಳಲ್ಲಿ ವ್ರೀಡೆ, ಎಂದರೆ ಲಜ್ಜೆ, ಒಂದು; ಗಂಡುಕಲಾವಿದನೊಬ್ಬನು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಆ ಭಾವವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದಾಗ ಸಭೆ ತಲೆದೂಗುತ್ತದೆ. ಆಟ ಮುಗಿದು ಚೌಕಿಗೆ ಬಂದೊಡನೆ ಆತನು ರವಕೆಯನ್ನು ಬಿಚ್ಚಿ ಎಲ್ಲರೆದುರು ಬರಿಮೈಯಲ್ಲಿ ಬಣ್ಣ ಒರೆಸಿಕೊಳ್ಳುತ್ತಾನೆ, ಯಾರಿಗೂ ಅದರಲ್ಲಿ ಅಸಂಗತವಾದದ್ದು ತೋರುವುದಿಲ್ಲ. ನಮ್ಮ ಊರುಗಳು ಟ್ರಾನ್ಸ್ ಮಹಿಳೆಯನ್ನು ನೋಡುವುದು ಈ ಅಭ್ಯಾಸದ ಕಣ್ಣಿನಿಂದಲೇ: ವೇಷ ಎಂದಾದರೊಂದು ದಿನ ಕಳಚೀತೆಂದು ಕಾಯುತ್ತವೆ. ಯಕ್ಷಗಾನವನ್ನು ಉದಾಹರಿಸಿ, ನಾವು ಪರಂಪರೆಯಿಂದಲೇ ಉದಾರಿಗಳೆಂದು ವೇದಿಕೆಯ ಮೇಲೆ ಹೇಳುವವರ ಮಾತನ್ನು ನಾನು ಒಪ್ಪಲಾರೆ. ಕಳಚುವುದೆಂಬ ಭರವಸೆಯಿರುವ ಹೆಣ್ತನಕ್ಕೆ ನಾವು ಉದಾರಿಗಳು. ಉಳಿಯುವ ಹೆಣ್ತನದ ಮುಂದೆ ನಮ್ಮ ಔದಾರ್ಯ ಎಷ್ಟೆಂಬುದು ಇನ್ನೂ ಪರೀಕ್ಷೆಗೆ ಬರಬೇಕಾಗಿದೆ.

ಆ ಪರೀಕ್ಷೆ ಬರುವುದು ಸಭೆಯಲ್ಲಲ್ಲ, ಬಚ್ಚಲುಮನೆಯಲ್ಲಿ. ನರಕಚತುರ್ದಶಿಯ ನಸುಕಿನಲ್ಲಿ ತಾಯಿ ಗಂಡುಮಕ್ಕಳನ್ನು ಮಣೆಯ ಮೇಲೆ ಕುಳ್ಳಿರಿಸಿ, ನೆತ್ತಿಗೂ ಮೈಗೂ ಎಣ್ಣೆ ಹಚ್ಚಿ ಹಂಡೆಯ ಬಿಸಿನೀರು ಹೊಯ್ಯುವ ಸಂಪ್ರದಾಯ ಈ ಕಡೆ ಇಂದಿಗೂ ಇದೆ. ಚಿಕಿತ್ಸೆಯ ಆರನೆಯ ತಿಂಗಳಲ್ಲಿರುವ ಒಬ್ಬಾಕೆಗೆ ಆ ಮಣೆಯ ಮೇಲೆ ಕುಳಿತುಕೊಳ್ಳುವುದೆಂದರೆ ಮನೆಯವರಿಗೆಲ್ಲ ಒಮ್ಮೆಲೇ ತಿಳಿಸಿಬಿಡುವುದು. ಜ್ವರದ ನೆಪ ಹೇಳಿ ಮಲಗಿಬಿಡುವುದು ಸುಲಭ. ಮಳೆಗಾಲದಲ್ಲಿ ನೆಪಗಳೂ ಸಾಲವು. ಜೂನ್ ಜುಲೈಗಳಲ್ಲಿ ದಿನಗಟ್ಟಲೆ ಬಟ್ಟೆ ಒಣಗದ ಊರಿನಲ್ಲಿ, ಕೊಡೆಯಿದ್ದರೂ ತೋಯ್ದು ಮೈಗಂಟಿದ ಅಂಗಿ ಎಲ್ಲವನ್ನೂ ಹೇಳಿಬಿಡುತ್ತದೆ. ಅದಕ್ಕಾಗಿ ಒಳಗೊಂದು ಬಿಗಿಯಾದ ಬನಿಯನ್, ಅದರ ಮೇಲೊಂದು ದಪ್ಪ ಅಂಗಿ, ಅವುಗಳೊಳಗೆ ಬೆವರುಸಾಲೆ ಮತ್ತು ತುರಿಕೆ. ಹೀಗೆ ಬಿಗಿಯುವುದರಿಂದ ಎದೆಯ ನೋವು ಹೆಚ್ಚುವುದು, ಉಸಿರಿಗೂ ಕಷ್ಟವಾಗುವುದು; ಮೆತ್ತನೆಯ ಹತ್ತಿಯ ಒಳಉಡುಪು, ಸಡಿಲವಾದ ಮೇಲಂಗಿ ಎರಡೂ ಹಿತವೆಂಬುದೇ ಅನುಭವಸ್ಥರ ಸಲಹೆ. ರವಕೆ ಹೊಲಿಸುವ ದಿನ ಬಂದಾಗ ಟೈಲರನ ಅಂಗಡಿಯ ಅಳತೆಪಟ್ಟಿಯ ಅಂಜಿಕೆ ಇನ್ನೊಂದು. ಅಳತೆ ವರ್ಷಕ್ಕೆರಡು ಸಲ ಬದಲಾಗುವುದಾದ್ದರಿಂದ ಹೊಲಿಗೆಯ ಒಳಗೆ ಬಟ್ಟೆ ಮಡಿಸಿ ಬಿಡಿಸಿಕೊಳ್ಳುವುದು ಜಾಣತನ. ಮನೆಯಲ್ಲಿಯೇ ಹೊಲಿಗೆಯಂತ್ರ ಇಟ್ಟುಕೊಂಡ ಹೆಂಗಸೊಬ್ಬಳ ಸ್ನೇಹ ಸಿಕ್ಕಿದರಂತೂ ಅದು ಭಾಗ್ಯವೇ.

ಊರಿನಿಂದ ಹೊರಗೆ ಹೊರಟರೆ ದೂರದ ಪ್ರಶ್ನೆ. ಉತ್ತರ ಕನ್ನಡ ಜಿಲ್ಲೆಗೊಂದು ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೂಗುತ್ತಿರುವುದು ಪ್ರಸಿದ್ಧವಾಗಿಯೇ ಇದೆ. ಹೃದಯದ ರೋಗಿಯೇ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕಾದಲ್ಲಿ ಹಾರ್ಮೋನಿನ ತಜ್ಞರನ್ನು ಕಾಣುವವರ ಪಾಡನ್ನು ಬೇರೆ ಹೇಳಬೇಕಾಗಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಸರಕಾರಿ ಬಸ್ಸುಗಳಲ್ಲಿ ಮಹಿಳೆಯರೊಂದಿಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣವನ್ನು ಕೊಟ್ಟಿದೆ, ಅದು ದೊಡ್ಡ ಉಪಕಾರವೇ. ಆದರೆ ಆ ಶೂನ್ಯದರದ ಚೀಟಿಗಾಗಿ ಹಳೆಯ ಹೆಸರೂ ಹಳೆಯ ಮುಖವೂ ಇರುವ ಗುರುತಿನ ಚೀಟಿಯನ್ನು ತುಂಬಿದ ಬಸ್ಸಿನಲ್ಲಿ ಹೊರತೆಗೆಯುವುದಕ್ಕಿಂತ ಹಣ ಕೊಟ್ಟುಬಿಡುವುದೇ ಲೇಸೆಂದು ಕಂಡರೆ ಅದು ಆಶ್ಚರ್ಯವಲ್ಲ. ಸ್ಪೈರೊನೊಲ್ಯಾಕ್ಟೋನ್ ಮೂಲತಃ ಮೂತ್ರವರ್ಧಕ ಔಷಧ. ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವ ದೀರ್ಘ ಪ್ರಯಾಣದಲ್ಲಿ ಅದನ್ನು ಸೇವಿಸಿದವಳು ನಡುವೆ ಒಂದೆರಡು ಕಡೆ ಇಳಿಯಲೇಬೇಕು, ಇಳಿದ ನಿಲ್ದಾಣದಲ್ಲಿ ಗಂಡಸರದು ಹೆಂಗಸರದು ಎಂಬ ಎರಡೇ ಬಾಗಿಲುಗಳು. ಒಂದರೊಳಗೆ ಹೋದರೆ ಆಕೆಗೆ ಅಪಾಯ, ಇನ್ನೊಂದಕ್ಕೆ ಹೋದರೆ ಆಕ್ಷೇಪ. ಹಾಗಾಗಿ ನೀರನ್ನೇ ಕುಡಿಯದೆ ಪ್ರಯಾಣ ಮಾಡುವುದು ಈ ಜನರಲ್ಲಿ ಕಂಡುಬರುವ ಅಭ್ಯಾಸ, ಮತ್ತು ಪೊಟ್ಯಾಸಿಯಮ್ ಏರಿಸುವ ಈ ಔಷಧದೊಂದಿಗೆ ಅದು ಮೂತ್ರಪಿಂಡಗಳಿಗೆ ಹಿತವಲ್ಲದ ಅಭ್ಯಾಸ. ಸರ್ವೋಚ್ಚ ನ್ಯಾಯಾಲಯವು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳನ್ನು ಕುರಿತ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಆಸ್ಪತ್ರೆಯ ಆರೈಕೆಯನ್ನೂ ಪ್ರತ್ಯೇಕ ಶೌಚಾಲಯವನ್ನೂ ಒಂದೇ ಉಸಿರಿನಲ್ಲಿ ಸರಕಾರಗಳ ಹೊಣೆಯೆಂದು ಹೇಳಿದುದು ಎಷ್ಟು ವಿವೇಕದ್ದೆಂಬುದು ಇಲ್ಲಿ ತಿಳಿಯುತ್ತದೆ.

ಈ ದೂರ ಮತ್ತು ಈ ಸಂಕೋಚ ಕೂಡಿ ಅನೇಕರನ್ನು ಔಷಧದಂಗಡಿಯ ಕಟ್ಟೆಗೆ ದೂಡುತ್ತವೆ. ಚೀಟಿಯಿಲ್ಲದೆ ದೊರೆಯುವ ಗರ್ಭನಿರೋಧಕ ಗುಳಿಗೆಗಳನ್ನು ದಿನಕ್ಕೆ ಮೂರು ನಾಲ್ಕರಂತೆ ನುಂಗಿದರೆ ಮೈ ಬೇಗ ತುಂಬುವುದೆಂಬ ನಂಬಿಕೆ ಬಹಳ ಕಡೆ ಹಬ್ಬಿದೆ. ಇದನ್ನು ಬಲವಾಗಿ ವಿರೋಧಿಸಬೇಕು. ಆ ಗುಳಿಗೆಗಳಲ್ಲಿರುವ ಈಥೈನೈಲ್ ಎಸ್ಟ್ರಡಿಯಾಲ್, ಚಿಕಿತ್ಸೆಗೆ ಬಳಸುವ ಎಸ್ಟ್ರಡಿಯಾಲಿನಂತಹುದಲ್ಲ; ರಕ್ತನಾಳದಲ್ಲಿ ಹೆಪ್ಪುಗಟ್ಟಿಸುವ ಅಪಾಯ ಅದರಲ್ಲಿ ಹೆಚ್ಚು. ಮೀನಖಂಡ ಒಂದೇ ಕಾಲಿನಲ್ಲಿ ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ಹಿಡಿದುಕೊಳ್ಳುವುದು ಇವು ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು. ಧೂಮಪಾನವಿದ್ದರೆ ಅಪಾಯ ಇನ್ನೂ ಹೆಚ್ಚುತ್ತದೆಂದು ತಿಳಿದಿರಬೇಕು. ಪ್ರಮಾಣವನ್ನು ಹೆಚ್ಚಿಸಿದರೆ ಸ್ತನ ಬೇಗ ಬೆಳೆಯುವುದೆಂಬುದಕ್ಕೂ ಆಧಾರವಿಲ್ಲ. ಹೆಪ್ಪುಗಟ್ಟಿದ ಲಕ್ಷಣ ಕಂಡಾಗಲೂ ವೈದ್ಯರ ಮುಂದೆ ಅಂಗಿ ಬಿಚ್ಚಬೇಕಾದೀತೆಂಬ ನಾಚಿಕೆಯಿಂದ ಮನೆಯಲ್ಲಿಯೇ ಉಳಿಯುವವರಿರುವುದು ಲಜ್ಜೆಯ ಅತಿ ಕ್ರೂರವಾದ ಪರಿಣಾಮ. ತೆರೆಯೊಂದನ್ನು ಎಳೆಯುವುದು, ಮುಟ್ಟುವುದಕ್ಕೆ ಮೊದಲು ಅನುಮತಿ ಕೇಳುವುದು, ದಾದಿಯೊಬ್ಬಳನ್ನು ಬಳಿಯಲ್ಲಿರಿಸಿಕೊಳ್ಳುವುದು, ಕುತೂಹಲಕ್ಕಾಗಿ ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸದಿರುವುದು, ಕಾಲು ನೋವೆಂದು ಬಂದವಳ ಎದೆಯನ್ನು ನೋಡದಿರುವುದು: ಇವುಗಳಿಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕಿಲ್ಲ, ತಾಲೂಕು ಆಸ್ಪತ್ರೆಯಲ್ಲಿಯೂ ಆಗುವಂತಹವು.

ಕಾನೂನು ಆಕೆಯ ಮಾನವನ್ನು ತೂಗಿದ ಬಗೆಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ಹೆಣ್ಣಿನ ಮಾನಕ್ಕೆ ಕುಂದು ತರುವ ಹಲ್ಲೆಗೆ ಭಾರತೀಯ ನ್ಯಾಯ ಸಂಹಿತೆಯ 74ನೆಯ ಕಲಮಿನ ಮೇರೆಗೆ ಒಂದರಿಂದ ಐದು ವರ್ಷಗಳ ಸೆರೆವಾಸ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಗೆಂದೇ 2019ರಲ್ಲಿ ಅಂಗೀಕೃತವಾದ ಕಾಯ್ದೆಯ 18ನೆಯ ಕಲಮಿನಲ್ಲಿ ಅವರ ಮೇಲಣ ಲೈಂಗಿಕ ದೌರ್ಜನ್ಯಕ್ಕೂ ಸೇರಿಸಿ ವಿಧಿಸಿದ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಸಂತೆಯ ಗದ್ದಲದಲ್ಲಿ ಕೈ ಚಾಚಿದವನಿಗೆ ಈ ಕಲಮುಗಳು ಗೊತ್ತಿರುವುದಿಲ್ಲವಾದರೂ, ಈ ಮೈಯನ್ನು ಮುಟ್ಟಿ ಪರೀಕ್ಷಿಸಿದರೆ ಕೇಳುವವರು ಕಡಮೆಯೆಂಬುದು ಗೊತ್ತಿರುತ್ತದೆ.

ವರ್ಷಗಳು ಕಳೆದು ಮೈ ತನ್ನ ಹೊಸ ಹದಕ್ಕೆ ಬಂದು ನಿಂತ ಮೇಲೆ ಈ ಎಲ್ಲ ಮುಚ್ಚುಮರೆಯ ತಳಮಳ ಬಹುಮಟ್ಟಿಗೆ ಶಮನವಾಗುತ್ತದೆ. ಸೀರೆ ಅಥವಾ ಚೂಡಿದಾರ ದಿನನಿತ್ಯದ ಉಡುಪಾಗುತ್ತದೆ, ಊರೂ ಬೇಸತ್ತು ನೋಡುವುದನ್ನು ಬಿಡುತ್ತದೆ. ಆದರೆ ಹೆಣ್ಣಿನ ಮೈ ಎಂದ ಮೇಲೆ ಹೆಣ್ಣಿನ ಕಾಯಿಲೆಗಳೂ ಉಂಟು. ಹಲವು ವರ್ಷ ಈಸ್ಟ್ರೊಜೆನ್ ಸೇವಿಸಿದವರಿಗೆ ಐವತ್ತು ದಾಟಿದ ಮೇಲೆ ಉಳಿದ ಹೆಂಗಸರಂತೆಯೇ ಸ್ತನದ ಕ್ಯಾನ್ಸರ್ ತಪಾಸಣೆ ಮಾಡಿಸಬೇಕೆಂದು ತಜ್ಞರು ಹೇಳುತ್ತಾರೆ. ಇನ್ನೊಂದೆಡೆ ಪ್ರಾಸ್ಟೇಟ್ ಗ್ರಂಥಿ ಶಸ್ತ್ರಚಿಕಿತ್ಸೆಯ ಅನಂತರವೂ ಒಳಗೆ ಉಳಿದೇ ಇರುತ್ತದೆ, ವಯಸ್ಸಾದಾಗ ಅದನ್ನೂ ನೋಡಿಕೊಳ್ಳಬೇಕು. ಒಂದೇ ಆಸ್ಪತ್ರೆಯಲ್ಲಿ ಬೆಳಗ್ಗೆ ಮ್ಯಾಮೊಗ್ರಾಮಿಗಾಗಿ ಹೆಂಗಸರ ಸಾಲಿನಲ್ಲಿ, ಮಧ್ಯಾಹ್ನ ಮೂತ್ರರೋಗ ವಿಭಾಗದಲ್ಲಿ ಗಂಡಸರ ನಡುವೆ ಆಕೆ ಕುಳಿತುಕೊಳ್ಳಬೇಕಾಗುವುದು. ಎರಡನೆಯ ಕಡೆ ಸೀರೆಯುಟ್ಟು ಕುಳಿತವಳನ್ನು, ಹೆಂಗಸರಿಗೆ ಇಲ್ಲೇನು ಕೆಲಸವಮ್ಮ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತಮ್ಮ ಯಜಮಾನರ ವರದಿ ತೆಗೆದುಕೊಳ್ಳಲು ಬಂದೆನೆಂದು ಹೇಳಿ ಪಾರಾಗುವುದನ್ನು ಅನುಭವ ಕಲಿಸಿಕೊಟ್ಟೀತು. ಹೆಸರನ್ನು ಗಟ್ಟಿಯಾಗಿ ಕೂಗದೆ ಚೀಟಿಯ ಸಂಖ್ಯೆಯನ್ನು ಮಾತ್ರ ಕರೆಯುವ ಪದ್ಧತಿಯಿದ್ದಲ್ಲಿ ಆ ಸುಳ್ಳೂ ಬೇಕಾಗುವುದಿಲ್ಲ.